ಸೊಲ್ಲಾಪುರದಲ್ಲಿ ಅಜ್ಜಿಯ ಗೆಜ್ಜೆವಸ್ತ್ರ

ಸೊಲ್ಲಾಪುರದಲ್ಲಿ ಗೌರಿ ಹಬ್ಬದ ದಿನ ಒಬ್ಬಟ್ಟು ಮಾಡಿದರೆ ತಿನ್ನುವುದಕ್ಕೆ ಹೆಂಗಸರು ಸಿಗುವುದಿಲ್ಲ. ಭಾದ್ರಪದ ಶುದ್ಧ ತದಿಗೆ ನಮಗೆ ಸ್ವರ್ಣಗೌರಿ ವ್ರತ. ಅದೇ ದಿನ ಇಲ್ಲಿನ ಮರಾಠಿ ಹೆಂಗಸರಿಗೆ ಹರತಾಳಿಕಾ. ಅವತ್ತು ಅವರದು ಕಟ್ಟುನಿಟ್ಟಿನ ಉಪವಾಸ, ಕೆಲವರು ನೀರನ್ನೂ ಮುಟ್ಟುವುದಿಲ್ಲ. ಇಬ್ಬರೂ ಪೂಜಿಸುವುದು ಅದೇ ಪಾರ್ವತಿಯನ್ನು. ಅವರು ಖಾಲಿ ಹೊಟ್ಟೆಯಲ್ಲಿ, ನಾವು ಹೂರಣ ರುಬ್ಬಿಕೊಂಡು. ಎದುರು ಮನೆಯ ವಹಿನಿ ಬಾಗಿನ ತಗೊಳ್ಳಲು ಬರುತ್ತಾರೆ, ಅರಿಶಿನ ಕುಂಕುಮ ಇಟ್ಟುಕೊಳ್ಳುತ್ತಾರೆ, ಒಬ್ಬಟ್ಟಿನ ತಟ್ಟೆ ನೋಡಿ ನಗುತ್ತಾರೆ, ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಾರೆ. ಮಾರನೇ ದಿನ ಚೌತಿ. ಅವರ ಮನೆಯಲ್ಲೇ ಮೋದಕದ ರಾಶಿ. ಹಾಗಾಗಿ ನನ್ನ ಒಬ್ಬಟ್ಟಿಗೆ ಗಿರಾಕಿಗಳು ಅಂದ್ರೆ ಗಂಡಸರು, ಮಕ್ಕಳು ಅಷ್ಟೇ.

ನಮ್ಮದು ತಿಪಟೂರು ಕಡೆ. ಯಜಮಾನರು ರೈಲ್ವೆಯಲ್ಲಿದ್ದಾರೆ, ಆ ಕೆಲಸ ನಮ್ಮನ್ನು ಇಲ್ಲಿಗೆ ತಂದು ಹಾಕಿದೆ. ನಕ್ಷೆ ನೋಡಿದರೆ ಕರ್ನಾಟಕ ಇಲ್ಲೇ ಇದೆ, ವಿಜಯಪುರದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಗಡಿ. ಆದರೆ ಮರದ ಬಾಗಿನ, ಅಂದ್ರೆ ಬಿದಿರಿನ ಮೊರದಲ್ಲಿ ತುಂಬಿದ ಬಾಗಿನ, ಕೊಡುವ ಕರ್ನಾಟಕ ಇಲ್ಲಿಂದ ತುಂಬಾ ದೂರ. ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ನಮ್ಮೂರ ಕಡೆಯಿಂದಲೇ ಹಾದು, ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರ ಎಲ್ಲ ಸುತ್ತಿಕೊಂಡು ಸೊಲ್ಲಾಪುರಕ್ಕೆ ಬರುತ್ತದೆ. ಹಬ್ಬಕ್ಕೆ ಬೇಕಾದ ಬಳೆ ಬಿಚ್ಚೋಲೆ ನನಗೆ ಬರುವುದು ಆ ರೈಲಿನಲ್ಲೇ. ಪಂಢರಪುರಕ್ಕೆ ಹೊರಟ ಯಾರಾದರೂ ಒಬ್ಬರು ನೆಂಟರು ಅಮ್ಮನ ಕೈಗೆ ಸಿಕ್ಕೇ ಸಿಗುತ್ತಾರೆ.

ಇಲ್ಲಿ ಕನ್ನಡಕ್ಕೇನೂ ಬರವಿಲ್ಲ. ಊರ ದೇವರು ಸಿದ್ಧರಾಮೇಶ್ವರ 12ನೇ ಶತಮಾನದ ಶರಣ, ವಚನ ಬರೆದದ್ದು ಕನ್ನಡದಲ್ಲಿ. ಕೆರೆ ನಡುವೆ ಇರುವ ಅವನ ಗುಡಿಗೆ ಹೋದರೆ ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳು ಮೈಸೂರು ರಾಜ್ಯಕ್ಕೆ, ಅಂದ್ರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು ಗಡಿ ಜಗಳ ವಿಚಾರಿಸಿದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಕಟ್ಟೆ ಮೇಲೆ ಕೂತ ಮುತ್ತ್ಯಾಗಳು ಈಗಲೂ ಆ ಮಾತು ತೆಗೆಯುತ್ತಾರೆ. ಹೆಂಗಸರಿಗೆ ಅದರ ಗೊಡವೆ ಇಲ್ಲ. ಈ ಸಲ ಯಾರ ಮನೆಯಲ್ಲಿ ಯಾವ ಹಬ್ಬ, ಏನು ಕೊಂಡೊಯ್ಯಬೇಕು, ಇಷ್ಟು ಗೊತ್ತಾದರೆ ಸಾಕು.

ನಾನು ಇಲ್ಲಿ ಗೌರಿ ಕೂರಿಸುವುದು ಅಜ್ಜಿಯಿಂದಾಗಿ. ಅಮ್ಮನ ಅಮ್ಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತೆಂಗಿನ ತೋಟದ ನಡುವೆ ಒಂದು ನಾಡಹೆಂಚಿನ ಮನೆ, ಆರು ಮಕ್ಕಳು, ಎರಡು ಎಮ್ಮೆ. ಇಷ್ಟರ ನಡುವೆ ಅವಳ ಕೈ ಸುಮ್ನೆ ಕೂತದ್ದನ್ನು ನಾನು ನೋಡಿಲ್ಲ. ಪ್ಲಾಸ್ಟಿಕ್ ವೈರಿನ ಬ್ಯಾಗು ಹೆಣೆಯುತ್ತಿದ್ದಳು. ಒಡೆದ ಬಳೆ ಚೂರುಗಳನ್ನು ದೀಪದ ಉರಿಗೆ ಹಿಡಿದು ಬಾಗಿಸಿ ತೋರಣ ಮಾಡುತ್ತಿದ್ದಳು. ಹಾರ್ಲಿಕ್ಸ್ ಬಾಟಲಿಗೆ ಬಣ್ಣ ಬಳಿದು, ಅದರ ಮೇಲೆ ಮುತ್ತು ಅಂಟಿಸಿ ಕೃಷ್ಣನನ್ನು ಮಾಡುತ್ತಿದ್ದಳು. ಆ ಕೃಷ್ಣ ಸ್ವಲ್ಪ ನಮ್ಮ ಸೋದರಮಾವನ ಥರ ಇದ್ದ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಕೊಬ್ಬರಿ ಕೆತ್ತನೆಯಲ್ಲಿ ಅವಳದು ದೊಡ್ಡ ಹೆಸರು. ತಿಪಟೂರು ಕಡೆ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಗೊತ್ತಲ್ವಾ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಸುಮಾರು 10 ತಿಂಗಳು, ಒಂದೊಂದು ಸಲ ಇನ್ನೂ ಜಾಸ್ತಿ, ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅಜ್ಜಿ ಅಟ್ಟ ಹತ್ತಿ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಕೆತ್ತನೆಗೆ ಬೇಕಾದ್ದನ್ನು ಆರಿಸುತ್ತಿದ್ದಳು. ತುಂಬಾ ಒಣಗಿದ್ದರೆ ಚಕ್ಕೆ ಏಳುತ್ತದೆ, ಹಸಿ ಇದ್ದರೆ ಗೀರು ನಿಲ್ಲುವುದಿಲ್ಲ. ಕೆತ್ತುವುದಕ್ಕೆ ಅವಳ ಆಯುಧ ಹಳೇ ಕೊಡೆಯ ಕಡ್ಡಿ. ಅದರ ತುದಿಯನ್ನು ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ ಉಳಿಯ ಹಾಗೆ ಮಾಡಿಕೊಂಡಿದ್ದಳು. ಕೊಬ್ಬರಿ ಬಟ್ಟಲ ಮೇಲೆ ಗಿಳಿ, ಮಾವಿನಕಾಯಿ, ಬಳ್ಳಿ, ಗಂಡಭೇರುಂಡ. ಗೀರಿನೊಳಗೆ ಕುಂಕುಮ ತುಂಬಿ ಬಟ್ಟೆಯಲ್ಲಿ ಒರೆಸಿದರೆ ಚಿತ್ರ ಎದ್ದು ನಿಲ್ಲುತ್ತಿತ್ತು. ಸೀಮಂತ, ಮದುವೆ, ಉಪನಯನ ಅಂತ ಸುತ್ತಿನ ಊರಿನವರೆಲ್ಲ ಬಂದು ಮಾಡಿಸಿಕೊಂಡು ಹೋಗುತ್ತಿದ್ದರು. ಕಾರ್ಯ ಮುಗಿದ ಮೇಲೆ ಅದು ಸೀದಾ ಅಡುಗೆ ಮನೆಗೆ, ಚಟ್ನಿಪುಡಿಗೆ. ಅಜ್ಜಿಯ ಎಷ್ಟೋ ಗಿಳಿಗಳನ್ನು ನಾವು ದೋಸೆ ಜೊತೆ ತಿಂದಿದ್ದೇವೆ. ಅವಳು ಮಾಡಿದ್ದು ಒಂದಾದರೂ ನನ್ನ ಹತ್ತಿರ ಇದೆಯಾ ಅಂದ್ರೆ ಇಲ್ಲ. ರಂಗೋಲಿ ಸಾರಿಸಿ ಹೋಯಿತು, ದೇವರಿಗೆ ಹಾಕಿದ ಹತ್ತಿ ಹಾರ, ಗೆಜ್ಜೆವಸ್ತ್ರ, ನಿರ್ಮಾಲ್ಯವಾಯಿತು, ಬಾಟಲಿ ಕೃಷ್ಣನನ್ನು ಬೆಕ್ಕು ಉರುಳಿಸಿತು.

ಅಜ್ಜಿ ದೊಡ್ಡ ಭಕ್ತೆ. ಆದರೆ ಮಂತ್ರ ಜಾಸ್ತಿ ಬರುತ್ತಿರಲಿಲ್ಲ, ಕಣ್ಣು ಮುಚ್ಚಿ ಕೂತಿದ್ದೂ ಕಡಿಮೆ. ದೇವರ ಜೊತೆ ಅವಳದು ಮಾತುಕತೆಯ ಸಂಬಂಧ. ತುಳಸಿಗೆ ನೀರು ಹಾಕುತ್ತಾ ನೆನ್ನೆ ಎಮ್ಮೆ ಹಾಲು ಕೊಡದ ಸಂಗತಿ ಹೇಳುತ್ತಿದ್ದಳು. ಅರಸೀಕೆರೆ ಹತ್ತಿರದ ಮಾಡಾಳು ಗೌರಮ್ಮನ ಜಾತ್ರೆಗೆ ಹೋಗಿ ಬಂದರೆ, ನೆಂಟರ ಮನೆಗೆ ಹೋಗಿ ಬಂದವಳ ಹಾಗೆ, ಗೌರಮ್ಮ ಈ ಸಲ ಸ್ವಲ್ಪ ಸೊರಗಿದ್ದಾಳೆ ಅನ್ನುತ್ತಿದ್ದಳು. ಗೌರಿಗೆ ಹಾಡು ತಾನೇ ಕಟ್ಟುತ್ತಿದ್ದಳು. ಧಾಟಿ ಹಳೆಯದು, ಮಾತು ಅವಳದು. ಒಂದು ಹಾಡು ಹೀಗೆ ಶುರುವಾಗುತ್ತದೆ:

ಕೆಂಪು ಬಸ್ಸು ಹತ್ತಿ ಬಂದ್ಯಾ ಗೌರಮ್ಮ
ಕಂಡಕ್ಟರು ಚಿಲ್ರೆ ಕೊಟ್ನಾ ಗೌರಮ್ಮ
ಹಿಂದ್ಗಡೆ ಸೀಟು ಕುಲುಕ್ತಾ ಗೌರಮ್ಮ
ಮಗ ನಾಳಿನ್ ಬಸ್ಸಿಗೆ ಬರ್ತಾನಾ ಗೌರಮ್ಮ

ಗೌರಿ ತವರಿಗೆ ಬರುತ್ತಾಳೆ, ಮಾರನೇ ದಿನ ಗಣಪ ಅಮ್ಮನನ್ನು ಕರೆದುಕೊಂಡು ಹೋಗಲು ಬರುತ್ತಾನೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕತೆ. ಅದಕ್ಕೆ ಬಸ್ಸು ಹೊಂದಿಸಿದ್ದು ಅಜ್ಜಿ. ನಮ್ಮೂರಿಗೆ ಇದ್ದದ್ದು ದಿನಕ್ಕೆ ಎರಡೇ ಬಸ್ಸು, ಅದರ ಕಷ್ಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೌರಿಗೆ ಮಾತ್ರ ಬೇರೆ ಅನುಕೂಲ ಯಾಕೆ ಅಂದುಕೊಂಡಳೋ ಏನೋ.

ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಗೌರಿ ಹಬ್ಬಕ್ಕೆ ತವರಿನಿಂದ ದುಡ್ಡು ಹೋಗಬೇಕು. ಈಗ ಅಣ್ಣ ಫೋನ್‌ಪೇ ಮಾಡಿ ಒಂದು ಹೂವಿನ ಚಿತ್ರ ಒತ್ತುತ್ತಾನೆ, ಆಯಿತು. ಆಗ ಮನಿಯಾರ್ಡರು. ಅದರ ಫಾರಮ್ಮಿನ ಕೆಳಗೆ ನಾಲ್ಕು ಮಾತು ಬರೆಯಲು ಒಂದು ಪುಟ್ಟ ಜಾಗ ಇರುತ್ತಿತ್ತು. ಎಲ್ಲರೂ ಕ್ಷೇಮ, ನೀವೂ ಕ್ಷೇಮ ಎಂದು ಜನ ಬರೆಯುವ ಜಾಗ. ಅಜ್ಜಿ ಅಲ್ಲಿ ಉಗುರಷ್ಟು ಚುಕ್ಕಿ ರಂಗೋಲಿ ಹಾಕುತ್ತಿದ್ದಳು. ಅಮ್ಮನಿಗೆ ಒಂದು, ದೊಡ್ಡಮ್ಮನಿಗೆ ಇನ್ನೊಂದು, ಯಾವುದೂ ಒಂದೇ ಥರ ಇಲ್ಲ. ಅಮ್ಮ ಆ ಚೀಟಿ ನೋಡಿ, ರಂಗೋಲಿ ಸರಿ ಬಂದಿದೆ, ಅವಳ ಕೈನೋವು ಕಡಿಮೆ ಆಗಿದೆ ಎಂದು ತಿಳಿದುಕೊಳ್ಳುತ್ತಿದ್ದಳು.

ಇನ್ನು ಗೆಜ್ಜೆವಸ್ತ್ರ. ಅಂಗಡಿಯ ಹತ್ತಿ ಅಜ್ಜಿಗೆ ಆಗಿಬರುತ್ತಿರಲಿಲ್ಲ. ಹಿತ್ತಲಲ್ಲಿ ಬಾವಿ ಪಕ್ಕ ಒಂದು ಹತ್ತಿ ಗಿಡ ಇತ್ತು. ಕಾಯಿ ಬಿರಿದ ಹಾಗೆ ಬಿಡಿಸಿ, ಬಟ್ಟೆ ಚೀಲದಲ್ಲಿ ಗಂಟು ಕಟ್ಟಿ ಇಡುತ್ತಿದ್ದಳು. ಶ್ರಾವಣ ಬಂದರೆ ಗಂಟು ಬಿಚ್ಚುವುದು. ಮೊದಲು ಬೀಜ ಬಿಡಿಸಬೇಕು, ಆಮೇಲೆ ಎಲೆ ಚೂರು, ಕಸ ಆರಿಸಬೇಕು. ಬೆರಳಲ್ಲಿ ಹಿಂಜಿ ಹಿಂಜಿ ಹಗುರ ಮಾಡಿ, ಸ್ವಲ್ಪ ಬಿಸಿಲು ತೋರಿಸಬೇಕು. ಆಮೇಲೆ ಒಂದು ಹಿಡಿ ಹತ್ತಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉದ್ದಕ್ಕೆ ಎಳೆಯುವುದು. ಎಳೆ ಹರಿಯಬಾರದು, ದಪ್ಪವೂ ಆಗಬಾರದು. ಬೆರಳಿಗೆ ಹಾಲಿನ ಪಸೆ ಮಾಡಿಕೊಂಡು, ಹೆಬ್ಬೆರಳಿನ ಅಗಲಕ್ಕೆ ಒಂದೊಂದು ಕಡೆ ಒತ್ತಿ ತಿರುವಬೇಕು. ತಿರುವಿದ ಜಾಗ ಸಣ್ಣಗಾಗುತ್ತದೆ, ನಡುವಿನದು ಉಬ್ಬಿ ನಿಲ್ಲುತ್ತದೆ. ಉಬ್ಬಿದ್ದೇ ಗೆಜ್ಜೆ. ಸಣ್ಣಗಾದ ಕಡೆ ಹಾಲಲ್ಲಿ ಕಲಸಿದ ಕುಂಕುಮದ ಬೊಟ್ಟು. ನೀರಲ್ಲಿ ಕಲಸಿದರೆ ಹರಡುತ್ತದೆ.

ಅಳತೆ ಕಡ್ಡಿ ಇಲ್ಲ, ಏನಿಲ್ಲ. ಆದರೆ ಎಳೆಯನ್ನು ಎರಡಾಗಿ ಮಡಿಸಿ ಹಿಡಿದರೆ ಗೆಜ್ಜೆಗೆ ಗೆಜ್ಜೆ ಕೂರಬೇಕು. ಕೂರದಿದ್ದರೆ ಅದು ದೀಪದ ಬತ್ತಿಗೆ. ಗೌರಿಗೆ 16 ಎಳೆ, ಗಣಪನಿಗೆ 21. ಕೈಗೆ ಕಟ್ಟಿಕೊಳ್ಳುವ ಗೌರಿ ದಾರವೂ 16 ಎಳೆ, 16 ಗಂಟು. ಗೆಜ್ಜೆವಸ್ತ್ರ ಮಾಡುವಾಗ ಯಾರ ಬಗ್ಗೆಯೂ ಕೆಟ್ಟ ಮಾತಾಡಬಾರದು ಎಂದು ಅಜ್ಜಿಯ ನಿಯಮ. ಹತ್ತಿ ಕೇಳಿಸಿಕೊಳ್ಳುತ್ತದಂತೆ. ಹಾಗಾಗಿ ಊರಿನವರ ಸುದ್ದಿಯನ್ನೆಲ್ಲ ಬೀಜ ಬಿಡಿಸುವಾಗಲೇ ಮುಗಿಸಿಬಿಡುತ್ತಿದ್ದಳು. ಬೀಜಕ್ಕೆ ಕಿವಿ ಇಲ್ಲ ಅನ್ನೋದು ಅವಳ ಲೆಕ್ಕ.

ಅಜ್ಜ ಹೋದಾಗ ಅಜ್ಜಿಗೆ ಐವತ್ತೂ ತುಂಬಿರಲಿಲ್ಲ. ಆಮೇಲೆ ಅವಳು ಗೌರಿ ಪೂಜೆಗೆ ಕೂರಲಿಲ್ಲ, ಬಾಗಿನ ಕೊಡಲಿಲ್ಲ, ತಗೊಳ್ಳಲಿಲ್ಲ. ಗೌರಿ ಮುತ್ತೈದೆಯರ ಹಬ್ಬ ಎಂದು ನಮ್ಮಲ್ಲಿ ಶಾಸ್ತ್ರ. ಮರ ಸಾರಿಸಿ ಅರಿಶಿನ ಬಳಿಯುವುದು ಅವಳು, ಅಕ್ಕಿ ಬೇಳೆ ಅಳೆದು ತುಂಬುವುದು ಅವಳು, ಗೆಜ್ಜೆವಸ್ತ್ರ, ಹೂಬತ್ತಿ, ಗೌರಿ ದಾರ, ಅರಿಶಿನದಲ್ಲಿ ಗೌರಿ ಮಾಡಿ ಮೂಗು ಕಣ್ಣು ತಿದ್ದುವುದು ಎಲ್ಲ ಅವಳು. ಮಂಗಳಾರತಿ ಹೊತ್ತಿಗೆ ಅಡುಗೆ ಮನೆಯ ಬಾಗಿಲ ಹಿಂದೆ. ಅಲ್ಲಿಂದಲೇ ಕೂಗುತ್ತಿದ್ದಳು: "ಕಡೇ ಎಳೆ ಗಿಡ್ಡ ಆಗಿದೆ ಕಣ್ರೇ, ಅದನ್ನ ಒಳಗಡೆ ಹಾಕಿ, ಮೇಲ್ಗಡೆ ಉದ್ದಂದು ಹಾಕಿ. ಮೂಗುತಿ ಬಲಕ್ಕೆ ವಾಲ್ತಿದೆ ನೋಡಿ." ದೇವರನ್ನು ನೋಡದೆಯೇ ಮೂಗುತಿ ವಾಲಿದ್ದು ಹೇಗೆ ಗೊತ್ತಾಗುತ್ತಿತ್ತೋ.

ಅಮ್ಮ ಒಂದು ವರ್ಷ ಎರಡು ಮರ ಜೋಡಿಸಿಕೊಂಡು ಅಡುಗೆ ಮನೆಗೇ ಹೋದಳು. ಅಜ್ಜಿ ಸೆರಗು ಒಡ್ಡಲಿಲ್ಲ. "ನನ್ನಿಂದ ನಿನ್ನ ವ್ರತ ಕೆಡೋದು ಬೇಡ, ಹೋಗಿ ನಿಮ್ಮತ್ತೆಗೆ ಕೊಡು" ಅಂದುಬಿಟ್ಟಳು. ಅವಳ ಗೌರಿ ಬಸ್ಸಲ್ಲಿ ಬರಬಹುದು, ಕಂಡಕ್ಟರ ಹತ್ತಿರ ಚಿಲ್ಲರೆಗೆ ಜಗಳ ಆಡಬಹುದು. ಆದರೆ ಗಂಡ ಸತ್ತ ಹೆಂಗಸಿನ ಕೈಯಿಂದ ಒಂದು ಮರ ತಗೊಳ್ಳಲು ಮಾತ್ರ ಬರುವುದಿಲ್ಲ. ಇದು ನನಗೆ ಇವತ್ತಿಗೂ ಹೊಂದುವುದಿಲ್ಲ. ಶಾಸ್ತ್ರ ಮಾಡಿದವರ ಮೇಲೆ ಇರಲಿ, ಈ ವಿಷಯದಲ್ಲಿ ಅಜ್ಜಿಯ ಮೇಲೂ ನನಗೆ ಸಿಟ್ಟಿದೆ. ಉಳಿದದ್ದನ್ನೆಲ್ಲ ತನಗೆ ಬೇಕಾದ ಹಾಗೆ ಮಾಡಿಕೊಂಡವಳು ಇದೊಂದನ್ನು ಯಾಕೆ ಒಪ್ಪಿಕೊಂಡಳು?

ಸೊಲ್ಲಾಪುರಕ್ಕೆ ಬರೋಣ. ಇದು ಹತ್ತಿಯ ಊರು. 1877ರಲ್ಲಿ ಶುರುವಾದ ಮಿಲ್ಲನ್ನು ಜನ ಈಗಲೂ ಜುನೀ ಮಿಲ್, ಅಂದ್ರೆ ಹಳೇ ಮಿಲ್, ಎಂದೇ ಕರೆಯುತ್ತಾರೆ. ಅದು ಮುಚ್ಚಿ ಎಷ್ಟೋ ಕಾಲ ಆಯಿತು. ಚಾದರ, ಟವೆಲ್ಲಿನ ಮಗ್ಗಗಳು ಮಾತ್ರ ಇನ್ನೂ ಸದ್ದು ಮಾಡುತ್ತಿವೆ. ಇಷ್ಟೆಲ್ಲ ಇದ್ದರೂ ಗೆಜ್ಜೆವಸ್ತ್ರಕ್ಕೆ ಬೇಕಾದ ಬೀಜದ ಹತ್ತಿ ಪೇಟೆಯಲ್ಲಿ ಸಿಗುವುದಿಲ್ಲ. ಮೆಡಿಕಲ್ ಶಾಪಿನ ಸುರುಳಿ ಹತ್ತಿ ಸಿಗುತ್ತದೆ. ಅದರ ಎಳೆ ಗಿಡ್ಡ, ಎಳೆದರೆ ಪಟ್ಟನೆ ಹರಿಯುತ್ತದೆ. ನನಗೆ ಹತ್ತಿ ಕೊಟ್ಟಿದ್ದು ನಮ್ಮ ಮೇಲಿನ ಮನೆಯ ಆಯಿ. ಅಕ್ಕಲಕೋಟೆ ತಾಲ್ಲೂಕಿನವರು, ಅವರ ಯಜಮಾನರು ಮಿಲ್ಲಿನಲ್ಲಿ ಇದ್ದವರು, ಈಗ ಇಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ಗುಡಿಗೆ ಬತ್ತಿ ಹೊಸೆಯುತ್ತಾರೆ. ಕಲಬುರಗಿ ಕಡೆ ಅವರ ತಂಗಿಯ ಹೊಲ ಇದೆ, ಸುಗ್ಗಿಯಲ್ಲಿ ಒಂದು ಚೀಲ ಹತ್ತಿ ತರಿಸಿಟ್ಟುಕೊಳ್ಳುತ್ತಾರೆ.

"ಗೆಜ್ಜಿ ಹತ್ತಿ ಅಂದ್ರ ಏನ್ರಿ ಅದು? ಮಾಡ್ರಿ ನೋಡೋಣು" ಅಂದರು. ಮಾಡಿ ತೋರಿಸಿದೆ. ಒಂದು ಎಳೆ ಮುಗಿಯುವಷ್ಟರಲ್ಲಿ ಅವರೂ ಒಂದು ಎಳೆದಿದ್ದರು. ಬತ್ತಿ ಹೊಸೆದ ಬೆರಳಲ್ವಾ, ಹೇಳಿಕೊಡುವ ಕೆಲಸವೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಮನೆಯಾಕೆ ಬಂದಳು. ಪದ್ಮಶಾಲಿಯವಳು, ಮನೆ ಮಾತು ತೆಲುಗು, ಬೀಡಿ ಕಟ್ಟುತ್ತಾಳೆ. ಈ ಊರಲ್ಲಿ ಬೀಡಿ ಕಟ್ಟುವ ಹೆಂಗಸರು ಸಾವಿರಗಟ್ಟಲೆ ಇದ್ದಾರೆ. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ, ಬಾಯಿ ಮುಚ್ಚಿ, ಅದೂ ಮೊರದ ಕಡೆ ನೋಡದೆ. ಅವಳ ಕೈಗೆ ಹತ್ತಿ ಕೊಟ್ಟೆವು. ನಾನು ಮತ್ತು ಆಯಿ ಸೇರಿ ಮಾಡಿದಷ್ಟನ್ನು ಅವಳು ಟೀವಿ ಧಾರಾವಾಹಿ ನೋಡಿಕೊಂಡೇ ಮಾಡಿ ಮುಗಿಸಿದಳು. ಮಡಿಸಿ ಹಿಡಿದು ನೋಡಿದೆ. ಗೆಜ್ಜೆಗೆ ಗೆಜ್ಜೆ ಕೂತಿತ್ತು. ಅಜ್ಜಿ ಇದ್ದಿದ್ದರೆ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಆ ಬೆರಳಿನ ಬೆಲೆ ಸಾವಿರ ಬೀಡಿಗೆ ಇಷ್ಟು ಎಂದು ಕಟ್ಟುವ ಲೆಕ್ಕದಲ್ಲಿ ಸಿಗುವುದಿಲ್ಲ, ಅದು ಬೇರೆ ಮಾತು. ಕೆಟ್ಟ ಮಾತು ಆಡಬಾರದು ಅನ್ನುವ ನಿಯಮ ಮಾತ್ರ ಈ ಮೆಟ್ಟಿಲ ಮೇಲೆ ನಡೆಯಲಿಲ್ಲ. ಮೂರು ಭಾಷೆಯಲ್ಲಿ ಮೂರು ಓಣಿಯ ಸುದ್ದಿ. ಹತ್ತಿ ಎಲ್ಲವನ್ನೂ ಕೇಳಿಸಿಕೊಂಡಿತು.

ಮರಕ್ಕೆ ಮಧಲಾ ಮಾರುತಿ ಹತ್ತಿರದ ಪೇಟೆಗೆ ಹೋಗಬೇಕು. ಹರತಾಳಿಕೆಗೆ ಅಂತ ಮಣ್ಣಿನ ಪುಟ್ಟ ಪಾರ್ವತಿ ಮತ್ತು ಸಖಿಯರು, ಮಾರನೇ ದಿನದ ಗಣಪತಿಗಳು, ಪತ್ರೆ, ಹೂವು, ಕಾಲಿಡಲು ಜಾಗ ಇರುವುದಿಲ್ಲ. ಬಿದಿರಿನ ಕೆಲಸದವರು ಮರ ಮಾರುತ್ತಾರೆ. ನಾನು ಜೋಡಿ ಜೋಡಿಯಾಗಿ ಕೇಳಿದರೆ, ಅಂಗಡಿ ಹಾಕುತ್ತೀರಾ ಎಂದು ಕೇಳಿದರು. ನಮ್ಮಲ್ಲಿ ಒಂದರಲ್ಲಿ ತುಂಬಿ ಇನ್ನೊಂದನ್ನು ಮುಚ್ಚಬೇಕು ನೋಡಿ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಅಚ್ಚುಬೆಲ್ಲ, ತೆಂಗಿನಕಾಯಿ, ಹಣ್ಣು, ಕನ್ನಡಿ, ಬಾಚಣಿಗೆ, ಬಳೆ ಬಿಚ್ಚೋಲೆ, ರವಿಕೆ ಕಣ. ಆಯಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿ ಕೇಳಿದರು: "ಜ್ವಾಳ ಎಲ್ಲೈತ್ರಿ? ಜ್ವಾಳಿಲ್ಲದ ಗೌರವ್ವ ಹ್ಯಾಂಗ ಹೋಗ್ಯಾಳ?" ನಿಜವೇ. ಮಂಗಳವೇಢೆಯ ಮಾಲದಂಡಿ ಜೋಳ ಬೆಳೆಯುವ ಜಿಲ್ಲೆಯಲ್ಲಿ ಕೂತು ಬರೀ ಅಕ್ಕಿ ಕೊಟ್ಟರೆ ಹೇಗೆ? ಜೋಳ ಸೇರಿತು, ಶೇಂಗಾ ಸೇರಿತು. ಅಮ್ಮನಿಗೆ ವೀಡಿಯೊ ಕಾಲಿನಲ್ಲಿ ತೋರಿಸಿದೆ. "ಅದೇನೇ ಹಕ್ಕಿಗೆ ಹಾಕೋ ಕಾಳು ತುಂಬ್ತಿದ್ದೀಯಾ" ಅಂದಳು. ಆಮೇಲೆ ಅವಳೇ, "ಇರ್ಲಿ ಬಿಡು, ಅಮ್ಮ ಇದ್ದಿದ್ರೆ ಅದರಲ್ಲೂ ಏನಾದ್ರೂ ಚಿತ್ರ ಮಾಡ್ತಿದ್ಳು" ಅಂದಳು.

ಹಬ್ಬದ ದಿನದ ಪೂಜೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಪುರೋಹಿತರು ಸಿಗಲಿಲ್ಲ, ಫೋನಿನಲ್ಲಿ ಮಂತ್ರ ಹಾಕಿಕೊಂಡೆವು. ನಡುವೆ ಯಜಮಾನರಿಗೆ ಡ್ಯೂಟಿಯಿಂದ ಕರೆ ಬಂದು ಮಂತ್ರ ನಿಂತಿತು. ಅರಿಶಿನದ ಗೌರಿಗೆ ಮೂಗು ತಿದ್ದುವುದು ಮಾತ್ರ ನಿಧಾನದ ಕೆಲಸ. ಅರಿಶಿನ ಕಲಸುವಾಗ ಒಂದು ಚಿಟಿಕೆ ಗೋಧಿ ಹಿಟ್ಟು ಸೇರಿಸಿದರೆ ಬಿರುಕು ಬಿಡುವುದಿಲ್ಲ, ಇದು ಅಜ್ಜಿಯ ಗುಟ್ಟು. ಕಣ್ಣಿಗೆ ಎರಡು ಕರಿ ಎಳ್ಳು. 16 ಎಳೆಯನ್ನೂ ಹಾಕಿದ ಮೇಲೆ ಕೆಂಪು ಬಸ್ಸಿನ ಹಾಡು ಹೇಳಿದೆ. ನನ್ನ ಮಗಳು ಇಲ್ಲೇ ಬೆಳೆದವಳು, ಅವಳಿಗೆ ಕೆಂಪು ಬಸ್ಸು ಅಂದ್ರೆ ಮಹಾರಾಷ್ಟ್ರದ ಎಸ್‌ಟಿ. ಸುಮ್ನೆ ಸರಿ ಅಂದೆ. ಗೌರಿ ಯಾವ ಡಿಪೋದ ಬಸ್ಸಿನಲ್ಲಿ ಬಂದರೇನು.

ಬಾಗಿನ ಕೊಡುವ ಹೊತ್ತು. ಒಂದು ದೇವರ ಮುಂದೆ, ಒಂದು ಅಮ್ಮನಿಗೆ ಎತ್ತಿಟ್ಟದ್ದು, ಒಂದು ಎದುರು ಮನೆ ವಹಿನಿಗೆ, ಒಂದು ಬೀಡಿ ಕಟ್ಟುವ ಗೆಳತಿಗೆ. ಇನ್ನೊಂದು ಜೊತೆ ಉಳಿದಿತ್ತು. ಆಯಿ ಮೂಲೆಯಲ್ಲಿ ಮಣೆ ಮೇಲೆ ಕೂತು ಕಾಯಿ ಹೋಳು ತಿನ್ನುತ್ತಿದ್ದರು. ನಾನು ಮರ ಎತ್ತಿಕೊಂಡು ಅವರ ಮುಂದೆ ನಿಂತೆ. ಸೆರಗು ಮುಚ್ಚಿಕೊಂಡು ನಿಂತೆ, ಬಾಯಲ್ಲಿ ಮಾತು ಹೊರಡಲಿಲ್ಲ. ಬೇಡ ಅನ್ನುತ್ತಾರೆ ಎಂದೇ ನನ್ನ ಎಣಿಕೆ.

"ನನಗೇನ್ರಿ?" ಅಂದರು.

"ಹೌದು ಆಯಿ. ತಗೋತೀರಾ?"

"ತಗೋಳ್ದ ಏನ್ರಿ? ನಾಕ್ ದಿನ ಕುಂತು ಹತ್ತಿ ಎಳದೀನಿ." ಬಾಯಿ ಒರೆಸಿಕೊಂಡು ಎದ್ದು ಸೆರಗು ಒಡ್ಡಿದರು. ಮರ ತಗೊಂಡು ಅಲ್ಲೇ ಮುಚ್ಚಳ ತೆಗೆದರು. "ಬಳಿ ಸೊಸಿಗೆ ಹಾಕ್ತೀನಿ. ಬೆಲ್ಲ ನನಗಿರ್ಲಿ. ಕನ್ನಡಿ ಭಾಳ ಸಣ್ಣದು ತಂದೀರಿ."

ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕನ್ನಡಿ ಎಷ್ಟು ಸಣ್ಣದಿತ್ತು ಎಂದು ಕೇಳಿದಳು. ಮುಂದಿನ ಸಲ ತಿಪಟೂರಿಂದಲೇ ಕಳಿಸುತ್ತಾಳಂತೆ.

ಚೌತಿ ಕಳೆದು ಅನುರಾಧಾ ನಕ್ಷತ್ರ ಬಂದರೆ ಇಲ್ಲಿ ಇನ್ನೊಂದು ಗೌರಿ. ಮಹಾಲಕ್ಷ್ಮಿ ಅನ್ನುತ್ತಾರೆ. ಒಬ್ಬಳಲ್ಲ, ಇಬ್ಬರು, ಜ್ಯೇಷ್ಠಾ ಮತ್ತು ಕನಿಷ್ಠಾ. ನಮ್ಮ ಗೌರಿ ಅಂಗೈ ಮೇಲೆ ಕೂರುವವಳು, ಇವರು ಆಳೆತ್ತರಕ್ಕೆ ನಿಲ್ಲುವವರು. ತಗಡಿನ ಅಡ್ಡಣಿಗೆಯೊಳಗೆ ಕಾಳು ತುಂಬಿ, ಅದಕ್ಕೆ ಸೀರೆ ಉಡಿಸಿ, ಮೇಲೆ ಹಿತ್ತಾಳೆಯ ಮುಖವಾಡ ಕೂರಿಸುತ್ತಾರೆ. ಮೊದಲ ದಿನ ಬಾಗಿಲಿನಿಂದ ಹೆಜ್ಜೆ ಗುರುತು ಬರೆದು ಒಳಗೆ ಕರೆತರುವುದು, ಜ್ಯೇಷ್ಠಾ ನಕ್ಷತ್ರದ ದಿನ ಪೂಜೆ, ಹೋಳಿಗೆ, 16 ಬಗೆಯ ತರಕಾರಿ ಸೇರಿಸಿದ ಪಲ್ಯ, ಮೂಲಾ ನಕ್ಷತ್ರದ ದಿನ ಬೀಳ್ಕೊಡುಗೆ. ಓಣಿಯ ಹೆಂಗಸರೆಲ್ಲ ಮನೆ ಮನೆಗೆ ಹೋಗಿ ಯಾರ ಲಕ್ಷ್ಮಿಗೆ ಯಾವ ಸೀರೆ ಎಂದು ನೋಡಿ ಬರುತ್ತಾರೆ. ಇಲ್ಲಿ ಒಬ್ಬಟ್ಟು ತಿನ್ನದ ಹೆಂಗಸು ಒಬ್ಬಳೂ ಇಲ್ಲ.

ಆಯಿ ಮನೆಯ ಮಹಾಲಕ್ಷ್ಮಿಯರಿಗೆ ಈ ಸಲ ಗೆಜ್ಜೆವಸ್ತ್ರ ಬೇಕಾಯಿತು. ಆಳೆತ್ತರದ ದೇವಿಗೆ ನಮ್ಮ ಅಳತೆ ಕೊರಳಿಗೂ ಸಾಲದು. ಮತ್ತೆ ಮೆಟ್ಟಿಲ ಮೇಲೆ ಮೂವರೂ ಕೂತೆವು. ಗೆಜ್ಜೆ ಒಂದೊಂದೂ ನಿಂಬೆಹಣ್ಣಿನ ಗಾತ್ರ, ಎಳೆ ಕೊರಳಿಂದ ಮೊಣಕಾಲವರೆಗೆ. ಆಯಿ ಕುಂಕುಮದ ಬೊಟ್ಟಿನ ಜಾಗಕ್ಕೆ ಬಂಗಾರದ ಜರಿ ಕಾಗದ ಸುತ್ತಿದರು, ನಡುನಡುವೆ ಹಸಿರು ಮಣಿ ಪೋಣಿಸಿದರು. ಜರಿ ಕಾಗದ ಅಜ್ಜಿಗೆ ಕಂಡರಾಗದು. ದೇವರಿಗೆ ಬೇಗಡೆ ಕಟ್ಟೋದು ನಾಟಕದವರು ಅನ್ನುತ್ತಿದ್ದಳು. ಆದರೆ ಟ್ಯೂಬ್‌ಲೈಟಿನ ಕೆಳಗೆ, ಹಸಿರು ಇಲಕಲ್ ಸೀರೆಯ ಮೇಲೆ ಅದು ಚೆನ್ನಾಗಿಯೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ನೋಡಲು ಬಂದವರು ಸೀರೆ ಬಿಟ್ಟು ಅದನ್ನೇ ಕೇಳಿದರು. ಯಾರು ಮಾಡಿದ್ದು, ಎಲ್ಲಿ ಸಿಗುತ್ತದೆ? ನಾನು ಅಜ್ಜಿಯ ಕತೆ ಶುರು ಮಾಡುವಷ್ಟರಲ್ಲಿ ಆಯಿ, "ನಾವ ಮಾಡೀವ್ರಿ, ಮನ್ಯಾಗ" ಅಂದುಬಿಟ್ಟರು. ಬಾಳಿವೇಸಿನ ಕಡೆಯಿಂದ ಬಂದ ಒಬ್ಬಾಕೆ ಮುಂದಿನ ವರ್ಷಕ್ಕೆ ತಮಗೊಂದು ಜೊತೆ ಬೇಕು, ಎಷ್ಟಾಗುತ್ತದೆ ಎಂದು ಕೇಳಿದರು. ಅಜ್ಜಿ ಒಬ್ಬರ ಹತ್ತಿರವೂ ಒಂದು ರೂಪಾಯಿ ತಗೊಂಡವಳಲ್ಲ. ನಾನು ಬೇಡ ಎಂದು ಕೈ ಆಡಿಸುವುದರೊಳಗೆ ಆಯಿ ಬೀಡಿ ಕಟ್ಟುವ ಗೆಳತಿಯ ಮುಖ ನೋಡಿದರು, ಅವಳು ಐದು ಬೆರಳು ಎತ್ತಿ ತೋರಿಸಿದಳು.

"ಐನೂರು" ಅಂದರು ಆಯಿ. "ಜರಿ ನಿಮ್ದ."

ಆಕೆ ಒಪ್ಪಿಕೊಂಡು ಹೋದರು. ಹತ್ತಿ ಎರಡು ಚೀಲ ಹೇಳಿಬಿಡಬೇಕು ಎಂದು ಆಯಿ ಅಲ್ಲಿಂದಲೇ ತಂಗಿಗೆ ಫೋನ್ ಹಚ್ಚಿದರು.